ಕೋಮೋ ಸರೋವರಕ್ಕೆ ಅಪ್ಪ ಅಮ್ಮನ ಜೊತೆ: ಕಾರು ಬೇಕಾ, ದೋಣಿ ಸಾಕಾ?

ಸಾಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿನ ಗಡಿಬಿಡಿ ಎಲ್ಲ ಮುಗಿದು, ಮಳೆ ಹಿಡಿಯೋಕೆ ಮುಂಚೆ, ಮೇ ಮೊದಲ ವಾರ ಅಪ್ಪ ಅಮ್ಮನನ್ನು ಇಟಲಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಮಿಲಾನ್‌ನಲ್ಲಿ ಇಳಿದು ನಾಲ್ಕು ದಿನ ಕೋಮೋ ಸರೋವರ. ಅಮ್ಮನಿಗೆ ಮಂಡಿ ನೋವು. ಆಗುಂಬೆ ಘಾಟಿಯಲ್ಲಿ ಓಡಿಸಿದವನಿಗೆ ಅಲ್ಲಿನ ರಸ್ತೆ ಏನು ಮಹಾ, ಕಾರು ತಗೊಳ್ಳೋಣ ಅಂತಾರೆ ಅಪ್ಪ. ಎಲ್ಲಿ ಉಳಿಯೋದು, ಹೇಗೆ ಓಡಾಡೋದು?

ತುಂಗೆ ದಡದವ:
ಕಾರು ಬೇಡ. ತಿರುವು ಕಷ್ಟ ಅಂತಲ್ಲ. ದಡದ ರಸ್ತೆ ಕಿರಿದು, ಎರಡು ಕಡೆ ಕಲ್ಲಿನ ಗೋಡೆ, ಎದುರಿಗೆ ಬಸ್ಸು ಬಂದರೆ ಹಿಂದಕ್ಕೆ ತೆಗೀಬೇಕು, ಇಷ್ಟೆಲ್ಲ ಮಾಡಿ ಊರು ಮುಟ್ಟಿದರೆ ನಿಲ್ಲಿಸೋಕೆ ಜಾಗ ಇರಲ್ಲ. ಹಳೆ ಪೇಟೆಗಳಲ್ಲಿ ಹೊರಗಿನ ಕಾರಿಗೆ ಪ್ರವೇಶವಿಲ್ಲದ ಬೀದಿಗಳೂ ಇವೆ. ಕ್ಯಾಮೆರಾ ಇರುತ್ತೆ, ದಂಡದ ಚೀಟಿ ತಿಂಗಳುಗಟ್ಟಲೆ ಆದ ಮೇಲೆ ಮನೆಗೆ ಬರುತ್ತೆ.

ಸರೋವರದ ದಡದ ವರೆನ್ನಾ ಊರಿನಲ್ಲಿ ಉಳಿಯಿರಿ. ಮಿಲಾನ್ ಸೆಂಟ್ರಾಲೆಯಿಂದ ನೇರ ರೈಲು, ಸುಮಾರು ಒಂದು ಗಂಟೆ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ನಾನು ಮರೆತು ದಂಡ ಕಟ್ಟಿದ್ದೇನೆ.

ಹೊಳೆಬಾಗಿಲು:
ವರೆನ್ನಾನೇ ಸರಿ. ಅಲ್ಲಿಂದ ಬೆಲ್ಲಾಜಿಯೋಗೆ ದೋಣಿಯಲ್ಲಿ ಕಾಲು ಗಂಟೆ. ಮೆನಾಜಿಯೋ, ಕದೆನಾಬ್ಬಿಯಾಕ್ಕೂ ಅದೇ ಫೆರಿ ಹೋಗುತ್ತೆ. ಕಾರುಗಳನ್ನೂ ಹತ್ತಿಸಿಕೊಳ್ಳುವ ಫೆರಿ ಅದು, ಥೇಟ್ ನಮ್ಮ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿನ ಹಾಗೆ. ದಡ ಮುಟ್ಟುವಾಗ ಮುಂದಿನ ಕಬ್ಬಿಣದ ಹಲಗೆ ಕರಕರ ಅಂತ ಕೆಳಗಿಳಿದು ಕಲ್ಲಿಗೆ ತಾಗಿದ ಸದ್ದಿಗೆ ನನಗೆ ಅಂಬಾರಗೋಡ್ಲು ನೆನಪಾಗಿ ಕಣ್ಣು ತುಂಬಿಬಂತು. 2025ರಲ್ಲಿ ಅಲ್ಲಿ ಸೇತುವೆ ಆಯ್ತು, ಒಳ್ಳೆಯದೇ ಆಯ್ತು, ಆದರೂ ಆ ಸದ್ದು ಬೇಕಿತ್ತು. ನೀರು ಮಾತ್ರ ನಮ್ಮ ಹಿನ್ನೀರಿನಂತೆ ಕಟ್ಟೆ ಕಟ್ಟಿ ನಿಲ್ಲಿಸಿದ್ದಲ್ಲ. ಹಿಮನದಿ ಕೊರೆದ ಹೊಂಡ, ಆಳ 400 ಮೀಟರ್‌ಗೂ ಜಾಸ್ತಿ.

ಅಮ್ಮನ ಮಂಡಿ ವಿಷಯ. ಬೆಲ್ಲಾಜಿಯೋದ ಓಣಿಗಳೆಲ್ಲ ಕಲ್ಲಿನ ಮೆಟ್ಟಿಲು. ಹತ್ತಿಸಬೇಡಿ, ನೀರಿನ ಪಕ್ಕದ ದಾರಿ ಸಮ ಇದೆ, ಅಲ್ಲೇ ಕೂರಿಸಿ. ಕದೆನಾಬ್ಬಿಯಾ ಹತ್ತಿರದ ವಿಲ್ಲಾ ಕಾರ್ಲೋತ್ತಾ ಬಂಗಲೆಯ ತೋಟದಲ್ಲಿ ಅಜೇಲಿಯಾ ಹೂವು ಏಪ್ರಿಲ್ ಕೊನೆ, ಮೇ ಶುರುವಿನಲ್ಲಿ ಗಿಡವೇ ಕಾಣದಷ್ಟು ಬಿಡುತ್ತೆ. ಬಂಗಲೆ ಎದುರಿಗೇ ಮೆಟ್ಟಿಲ ಸಾಲಿದೆ, ಆದರೆ ಆ ಹೂವಿಗೋಸ್ಕರ ನಿಧಾನಕ್ಕೆ ಹತ್ತಿಸಬಹುದು ಅನಿಸುತ್ತೆ.

ತುಂಗೆ ದಡದವ:
ಒಂದು ದಿನ ಕೋಮೋ ಊರಿಗೂ ಹೋಗಿ. ಬ್ರುನಾತೆ ಗುಡ್ಡಕ್ಕೆ ಹಳಿ ಮೇಲೆ ಹಗ್ಗ ಎಳೆಯುವ ಗಾಡಿ ಇದೆ, 1894ರಿಂದ ಓಡುತ್ತಿದೆ. ಅಮ್ಮ ನಡೆಯದೇ ಗುಡ್ಡದ ಮೇಲಿರುತ್ತಾರೆ. ವಾಪಸ್ ಬರುವಾಗ ವೇಗದ ದೋಣಿ ಬೇಡ, ಒಳಗೆ ಮುಚ್ಚಿದ ಹಾಗಿರುತ್ತೆ. ನಿಧಾನದ್ದು ಎರಡು ಗಂಟೆ ಮೇಲಾಗುತ್ತೆ, ಆದರೆ ಹೊರಗೆ ಕೂತು ಒಂದೊಂದೇ ಊರು ನೋಡುತ್ತಾ ಬರಬಹುದು. ಕೊನೆಯ ದೋಣಿಯ ಸಮಯ ಬೆಳಿಗ್ಗೆಯೇ ಕಟ್ಟೆಯ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ.

ಸಾಗರದ ಹುಡುಗಿ:
ಅಪ್ಪನಿಗೆ ಓದಿ ಹೇಳಿದೆ. ಲಾಂಚ್ ಅಂದ ಕೂಡಲೇ ಕಾರಿನ ಮಾತು ಬಿಟ್ಟರು. ವರೆನ್ನಾ ಸ್ಟೇಷನ್‌ನಿಂದ ದಡಕ್ಕೆ ಇಳಿಜಾರು ಜಾಸ್ತಿ ಇದೆಯಾ? ಲಿಫ್ಟ್ ಇರುವ ಕೋಣೆ ಗೊತ್ತಿದ್ದರೆ ಹೇಳಿ.