ಸಹಾಯ ಬೇಕು: ಆಸ್ಪತ್ರೆ ಕಟ್ಟಡದ ತ್ರೀಡಿ ಮಾದರಿಯಲ್ಲಿ ಡಕ್ಟು, ಪೈಪುಗಳ ಹೊಂದಾಣಿಕೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಸಮೀಪ ಕಟ್ಟಲಿರುವ 60 ಹಾಸಿಗೆಗಳ ಆಸ್ಪತ್ರೆಯೊಂದರ ನಕ್ಷೆಯ ಕೆಲಸದಲ್ಲಿ ತೊಡಗಿದ್ದೇನೆ. ವಾಸ್ತುಶಿಲ್ಪಿಗಳು ರೆವಿಟ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಮಾದರಿ ಸಿದ್ಧಪಡಿಸಿದ್ದಾರೆ. ಆದರೆ ಏಸಿ, ಪ್ಲಂಬಿಂಗ್ ಮತ್ತು ಆಮ್ಲಜನಕದ ಗುತ್ತಿಗೆದಾರರು ಆಟೋಕ್ಯಾಡ್‌ನ ಎರಡು ಆಯಾಮದ ನಕ್ಷೆಗಳನ್ನಷ್ಟೇ ಕೊಡುತ್ತಿದ್ದಾರೆ.

ಅವುಗಳನ್ನು ನಾನೇ ಮಾದರಿಗೆ ಸೇರಿಸಿ ನೋಡಿದಾಗ, ಆಪರೇಷನ್ ಥಿಯೇಟರಿನ ಹೊರಗಿನ ಕಾರಿಡಾರಿನಲ್ಲಿ ಏಸಿ ಡಕ್ಟು (ಗಾಳಿ ಸಾಗಿಸುವ ಕೊಳವೆ) ಬೀಮಿನೊಳಗೇ ಹಾದುಹೋಗುತ್ತಿತ್ತು. ಅದನ್ನು ಕೆಳಗಿಳಿಸಿದರೆ ಆಮ್ಲಜನಕದ ತಾಮ್ರದ ಪೈಪಿಗೆ ತಾಗುತ್ತದೆ, ಇನ್ನೂ ಇಳಿಸಿದರೆ ಫಾಲ್ಸ್ ಸೀಲಿಂಗಿನ ಎತ್ತರ ಸಾಲುವುದಿಲ್ಲ. ಕಾಗದದ ಮೇಲೆ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿಂದಿನ ಕೆಲಸವೊಂದರಲ್ಲಿ ಇಂಥದೇ ತಪ್ಪು ಸ್ಲ್ಯಾಬ್ ಹಾಕಿದ ಮೇಲೆ ತಿಳಿದು, ಜುಲೈ ಮಳೆಯಲ್ಲಿ ಕಾಂಕ್ರೀಟು ಕೊರೆಸಬೇಕಾಯಿತು. ಆ ತೂತಿನ ಸುತ್ತ ನೀರು ಜಿನುಗುತ್ತಿದ್ದುದು ನನಗೆ ಇಂದಿಗೂ ನೆನಪಿದೆ. ರೋಗಿಗಳು ಮಲಗುವ ಜಾಗದಲ್ಲಿ ಅದು ಮತ್ತೆ ಆಗಬಾರದು.

ಮಾದರಿಯ ಭಾಗಗಳು ಒಂದಕ್ಕೊಂದು ತಾಗುವುದನ್ನು ಹುಡುಕುವ ನೇವಿಸ್‌ವರ್ಕ್ಸ್ ತಂತ್ರಾಂಶದಲ್ಲಿ ಪರೀಕ್ಷಿಸಿದರೆ ಸಾವಿರಾರು ಘರ್ಷಣೆಗಳು ಪಟ್ಟಿಯಾಗುತ್ತವೆ, ಅವುಗಳಲ್ಲಿ ಹೆಚ್ಚಿನವು ಕ್ಷುಲ್ಲಕ. ಇಳಿಜಾರು ಬೇಕಾದ ಶೌಚಾಲಯದ ಪೈಪುಗಳನ್ನು ಮೇಲಕ್ಕೆ ಬಗ್ಗಿಸಲಾಗದ ಕಾರಣ ಅವುಗಳ ಹಾದಿಯನ್ನು ಮೊದಲು ನಿಗದಿಪಡಿಸಿ, ಬಳಿಕ ದೊಡ್ಡ ಡಕ್ಟು, ಕೊನೆಗೆ ವಿದ್ಯುತ್ ಕೇಬಲ್ ಎಂಬ ಕ್ರಮ ಇಟ್ಟುಕೊಂಡಿದ್ದೇನೆ. ಆಮ್ಲಜನಕದ ಪೈಪಿಗೆ ಈ ಸಾಲಿನಲ್ಲಿ ಯಾವ ಸ್ಥಾನ ಕೊಡಬೇಕು? ವಾಲ್ವ್ ಬಾಕ್ಸುಗಳಿಗೆ ಕೈ ತಲುಪುವಷ್ಟು ಖಾಲಿ ಜಾಗವನ್ನು ಮಾದರಿಯಲ್ಲೇ ಕಾಯ್ದಿರಿಸುವುದು ಹೇಗೆ?

ಐಸಿಯು ಬಾಗಿಲಲ್ಲಿ ಮಂಚ ತಿರುಗುತ್ತದೆಯೇ ಎಂಬುದನ್ನು ದಾದಿಯರಿಗೆ ಮಾದರಿಯಲ್ಲೇ ತೋರಿಸಿ ಒಪ್ಪಿಗೆ ಪಡೆಯುವ ಆಲೋಚನೆಯೂ ಇದೆ. ಮಂಗಳೂರು, ಮಣಿಪಾಲದ ಕಡೆ ಇಂಥ ಕೆಲಸ ಮಾಡಿದವರು ದಯವಿಟ್ಟು ಇಲ್ಲೇ ಉತ್ತರಿಸಿ. ಮುಂದಿನ ತಿಂಗಳು ಸ್ಲ್ಯಾಬಿನ ತೂತುಗಳ ನಕ್ಷೆಯನ್ನು ಅಂತಿಮಗೊಳಿಸಬೇಕಾಗಿದೆ.