ಕೂಲೆಂಟ್ ಡಬ್ಬಿಲಿ ಆಯಿಲ್ ಕಾಣ್ತಿದೆ, ಹೆಡ್ ಬಿಚ್ಚಿಸ್ಲೇಬೇಕಾ?

ಹೊಸನಗರ_ಹುಡುಗ:
ಎಲ್ರಿಗೂ ನಮಸ್ಕಾರ. ಗಾಡಿ 2013ರ 1.3 ಡೀಸೆಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರು, ಒಂದೂ ಮುಕ್ಕಾಲು ಲಕ್ಷ ಕಿಲೋಮೀಟರ್ ಹತ್ರ ಓಡಿದೆ. ಶಿವಮೊಗ್ಗಕ್ಕೆ ಓಡಾಟ ಇದ್ದೇ ಇರುತ್ತೆ, ಆಗಾಗ ಹುಲಿಕಲ್ ಘಾಟಿ ಇಳಿದು ಕುಂದಾಪುರ ಕಡೆನೂ ಹೋಗ್ತೀವಿ. ಮೊನ್ನೆ ಘಾಟಿ ಇಳಿಯೋಕೆ ಮುಂಚೆ ಎಲ್ಲಾ ಒಂದ್ಸಲ ನೋಡೋಣ ಅಂತ ಬಾನೆಟ್ ಎತ್ತಿದ್ರೆ ಕೂಲೆಂಟ್ (ಎಂಜಿನ್ ತಣ್ಣಗಿಡೋ ನೀರು) ಡಬ್ಬಿ ಒಳಗೋಡೆಗೆಲ್ಲ ಕಂದು ಬಣ್ಣ ಮೆತ್ತಿದೆ, ಮುಚ್ಚಳ ತೆಗೆದ್ರೆ ಅದ್ರ ಅಡಿಗೆ ಗಟ್ಟಿ ಪೇಸ್ಟು, ಬೆರಳಲ್ಲಿ ಮುಟ್ಟಿದ್ರೆ ಜಿಡ್ಡು ಜಿಡ್ಡು.

ವಿಚಿತ್ರ ಅಂದ್ರೆ ಗಾಡಿ ಓಡೋದ್ರಲ್ಲಿ ಎಂತ ತೊಂದ್ರೆನೂ ಇಲ್ಲ. ಟೆಂಪರೇಚರ್ ಮುಳ್ಳು ಯಾವಾಗ್ಲೂ ನಿಲ್ಲೋ ಜಾಗದಲ್ಲೇ ನಿಂತಿದೆ, ಬಿಳಿ ಹೊಗೆ ಇಲ್ಲ, ಪಿಕಪ್ ಚೆನ್ನಾಗೇ ಇದೆ. ಡಿಪ್ ಸ್ಟಿಕ್ ಎಳೆದು ನೋಡಿದ್ರೆ ಆಯಿಲ್ ಕಪ್ಪಗೆ ಮಾಮೂಲಿ ಥರಾನೇ ಇದೆ, ನೀರು ಸೇರಿ ಹಾಲಿನ ಥರ ಬೆಳ್ಳಗಾಗಿದ್ದು ಏನಿಲ್ಲ, ಆದ್ರೆ ಮಟ್ಟ ಸ್ವಲ್ಪ ಕೆಳಗಿದೆ. ಕೂಲೆಂಟ್ ಮಾತ್ರ ಕಮ್ಮಿ ಆಗಿಲ್ಲ, ಮ್ಯಾಕ್ಸ್ ಗೆರೆಗಿಂತ ಒಂಚೂರು ಮೇಲೇ ಇದೆ.

ಪೇಟೆಲಿ ಒಬ್ರು ಮೆಕ್ಯಾನಿಕ್ಕಿಗೆ ತೋರಿಸ್ದೆ. ಬಗ್ಗಿ ಸಹ ನೋಡ್ಲಿಲ್ಲ, ದೂರದಿಂದಾನೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸ್ಬೇಕು, ಲೇತ್ ಕೆಲಸ ಎಲ್ಲಾ ಸೇರಿ ಮೂವತ್ತೈದು ಸಾವಿರ ಇಟ್ಕೊಂಡು ಬನ್ನಿ’ ಅಂದ್ರು. ಹೆಡ್ ಅಂದ್ರೆ ಸಿಲಿಂಡರ್‌ಗಳ ಮೇಲೆ ಕೂರೋ ಎಂಜಿನ್ ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಇರೋ ಸೀಲೇ ಈ ಗ್ಯಾಸ್ಕೆಟ್ ಅಂತೆ. ಇನ್ನೊಬ್ರು ಸೋಪಿನ ಪುಡಿ ಹಾಕಿ ತೊಳೆದು ಓಡಿಸಿ, ಏನೂ ಆಗಲ್ಲ ಅಂತಾರೆ. ಯಾರನ್ನ ನಂಬೋದು? ಹೋದ್ ತಿಂಗಳು ಗುಲಾಬಿ ಕೂಲೆಂಟ್ ಮೇಲೆ ಹಸಿರು ಕೂಲೆಂಟ್ ಟಾಪ್ ಅಪ್ ಮಾಡಿದ್ರು, ಅದ್ರಿಂದ ಹಿಂಗಾಗಿರ್ಬಹುದಾ?

ಘಾಟಿ_ಸವಾರ:
ಮೊದ್ಲು ಗಾಡಿ ನಿಲ್ಸಿ ಮಾರ್ರೆ. ಇದನ್ನ ಇಟ್ಕೊಂಡು ಹುಲಿಕಲ್ ಹತ್ತೋ ಯೋಚನೆ ಮಾತ್ರ ಬೇಡ. ಮುಳ್ಳು ಸರಿ ಇದೆ ಅಂತ ಧೈರ್ಯ ಮಾಡ್ಬೇಡಿ, ರೇಡಿಯೇಟರ್ ಒಳಗಿನ ಸಣ್ಣ ನಾಳಗಳಲ್ಲಿ ಆ ಪೇಸ್ಟು ಕೂತ್ಕೊಂಡ್ರೆ ಫಸ್ಟ್ ಗೇರಲ್ಲಿ ಏರು ಹತ್ತೋವಾಗ್ಲೇ ಬಿಸಿ ಏರೋದು, ಅಲ್ಲಿ ನೆಟ್‌ವರ್ಕೂ ಸಿಗಲ್ಲ.

ಗ್ರೀಸ್_ಕೈ_ಸಾಗರ:
ಯಾರನ್ನೂ ನಂಬ್ಬೇಡಿ, ಗಾಡಿನೇ ಹೇಳುತ್ತೆ. ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ.

ಕೂಲೆಂಟ್ ಮಿಕ್ಸ್ ವಿಷ್ಯ ಮೊದ್ಲು ಮುಗಿಸೋಣ. ಬೇರೆ ಬೇರೆ ಜಾತಿ ಕೂಲೆಂಟ್ ಸೇರಿದ್ರೆ ಕೆಲವು ಸಲ ಗಸಿ ಕಟ್ಟೋದು, ಲೋಳೆ ಆಗೋದು ಇದೆ, ಆದ್ರೆ ಅದಕ್ಕೆ ಜಿಡ್ಡು ಇರಲ್ಲ. ಮುಚ್ಚಳದ ಅಡಿಯ ಪೇಸ್ಟ್ ಒಂಚೂರು ತೆಗೆದು ಒಂದು ಹಳೇ ಗಾಜಿನ ಲೋಟದಲ್ಲಿ ಬಿಸಿ ನೀರಿಗೆ ಹಾಕಿ ಬಿಡಿ. ಸ್ವಲ್ಪ ಹೊತ್ತಲ್ಲಿ ಮೇಲೆ ಬಣ್ಣ ಬಣ್ಣದ ಎಣ್ಣೆ ಪೊರೆ ತೇಲಿದ್ರೆ ಅದು ಆಯಿಲ್ಲೇ. ಲೋಟ ಆಮೇಲೆ ಎಸೆದುಬಿಡಿ, ಅಡಿಗೆಮನೆಗೆ ವಾಪಸ್ ಹೋಗ್ಬಾರ್ದು.

ಈಗ ಆಯಿಲ್ ಎಲ್ಲಿಂದ ಅನ್ನೋದು. ಎಂಜಿನ್ ಓಡೋವಾಗ ಆಯಿಲ್ ಪ್ರೆಶರ್ ಮೂರ್ನಾಲ್ಕು ಬಾರ್ ತನಕ ಇರುತ್ತೆ, ಕೂಲೆಂಟ್ ಪ್ರೆಶರ್ ಮುಚ್ಚಳ ತಡ್ಕೊಳ್ಳೋ ಅಷ್ಟೇ, ಅಂದ್ರೆ ಒಂದು ಒಂದೂವರೆ ಬಾರ್ ಒಳಗೆ. ಹಂಗಾಗಿ ಎರಡರ ಮಧ್ಯ ಎಲ್ಲೇ ಸಣ್ಣ ತೂತಾದ್ರೂ ಆಯಿಲ್ಲು ನೀರಿನ ಕಡೆ ನುಗ್ಗುತ್ತೆ, ನೀರು ಆಯಿಲ್ ಕಡೆ ಬರಲ್ಲ. ವಾಟರ್ ಪಂಪು ಕಡಗೋಲಿನ ಥರ ಎರಡನ್ನೂ ಕಡೆದು ಕಡೆದು ನೀವು ನೋಡಿದ ಪೇಸ್ಟ್ ಮಾಡಿಡುತ್ತೆ. ನಿಮ್ದು ಆಯಿಲ್ ಕಮ್ಮಿ, ಕೂಲೆಂಟ್ ಜಾಸ್ತಿ, ಡಿಪ್ ಸ್ಟಿಕ್ ಕ್ಲೀನ್. ನನ್ ಅನುಭವದಲ್ಲಿ ಈ ಮೂರೂ ಒಟ್ಟಿಗೆ ಇದ್ರೆ ಮೊದ್ಲ ಅನುಮಾನ ಆಯಿಲ್ ಕೂಲರ್ ಮೇಲೆ. ನಿಮ್ ಎಂಜಿನ್ನಲ್ಲಿ ಆಯಿಲ್ ಫಿಲ್ಟರ್ ಹೌಸಿಂಗ್ ಜೊತೆಗೇ ಒಂದು ಸಣ್ಣ ತಟ್ಟೆ ಜೋಡಣೆ ಇರುತ್ತೆ, ಒಂದು ಪದರದಲ್ಲಿ ಆಯಿಲ್ಲು ಪಕ್ಕದ ಪದರದಲ್ಲಿ ಕೂಲೆಂಟು. ವಯಸ್ಸಾದ ಮೇಲೆ ಆ ತಟ್ಟೆ ಒಳಗೇ ಕ್ರ್ಯಾಕ್ ಬರೋದು ಇಲ್ಲಾ ಕೂಲರ್ ಮತ್ತೆ ಹೌಸಿಂಗ್ ನಡುವಿನ ರಬ್ಬರ್ ಸೀಲ್ ಗಟ್ಟಿಯಾಗಿ ಒಡೆಯೋದು, ಎರಡೂ ಆಗುತ್ತೆ.

ಹೆಡ್ ಗ್ಯಾಸ್ಕೆಟ್ಟು ಸಿಲಿಂಡರ್ ಕಡೆಯಿಂದ ಹೋಗಿದ್ರೆ ಕಥೆನೇ ಬೇರೆ. ಬೆಳಿಗ್ಗೆ ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿ, ಮುಚ್ಚಳ ತೆಗ್ದೇ ಇಟ್ಟು ಡಬ್ಬಿ ನೋಡ್ತಾ ಇರಿ, ಗುಳ್ಳೆ ಒಂದೇ ಸಮ ಬರ್ತಿದ್ರೆ ಅದು ಸಿಲಿಂಡರ್ ಗ್ಯಾಸು. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಎರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಾದ್ರೂ ಹಂಗೇ ಲೆಕ್ಕ, ಅಷ್ಟು ಬೇಗ ಬಿಸಿಯಿಂದ ಪ್ರೆಶರ್ ಬರೋಕೆ ಸಾಧ್ಯ ಇಲ್ಲ. ಕೂಲೆಂಟಲ್ಲಿ ಸಿಲಿಂಡರ್ ಗ್ಯಾಸ್ ಇದ್ರೆ ನೀಲಿ ಲಿಕ್ವಿಡ್ ಹಳದಿಗೆ ತಿರುಗೋ ಟೆಸ್ಟರ್ ಇದೆ, ಪೆಟ್ರೋಲ್ ಗಾಡಿಗೆ ಅದು ಚೆನ್ನಾಗಿ ಹೇಳುತ್ತೆ, ಡೀಸೆಲಲ್ಲಿ ಐಡಲ್ ಇರೋವಾಗ ಹೊಗೆಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಇರೋದ್ರಿಂದ ಅದು ಸರಿಯಾಗಿ ತಿರುಗಲ್ಲ, ಅದೊಂದನ್ನೇ ನಂಬ್ಕೊಂಡು ಕೂರ್ಬೇಡಿ.

ಬಿಸಿ ಇರೋವಾಗ ಮಾತ್ರ ಯಾವ ಕಾರಣಕ್ಕೂ ಮುಚ್ಚಳ ತಿರುಗಿಸ್ಬೇಡಿ. ಮುಖಕ್ಕೆ ಹಾರಿದ್ರೆ ಮುಗೀತು.

ಹೊಸನಗರ_ಹುಡುಗ:
ಇವತ್ ಬೆಳಿಗ್ಗೆ ಎಲ್ಲಾ ಮಾಡಿದೆ ಸಾರ್. ಬಿಸಿ ನೀರಲ್ಲಿ ಎಣ್ಣೆ ಪೊರೆ ತೇಲ್ತು. ಗುಳ್ಳೆ ಇಲ್ಲ, ಶುರುಲಿ ಒಂದೆರಡು ಬಂದು ನಿಂತೋಯ್ತು. ಹೋಸ್ ತುಂಬಾ ಹೊತ್ತು ಮೆತ್ತಗೇ ಇತ್ತು. ಒಂದೇ ಒಂದು ಅನುಮಾನ, ಎಂಜಿನ್ ಆಯಿಲ್ ಹಾಕೋ ಮುಚ್ಚಳದ ಅಡಿಲಿ ಮಾತ್ರ ಸ್ವಲ್ಪ ಬೆಳ್ಳಗೆ ಕೆನೆ ಥರ ಇದೆ. ಅಂದ್ರೆ ನೀರೂ ಆಯಿಲ್‌ಗೆ ಹೋಗಿದೆ ಅಂತಾನಾ?

ಗ್ರೀಸ್_ಕೈ_ಸಾಗರ:
ಅದೊಂದನ್ನೇ ನೋಡಿ ಹೆದ್ರಬೇಡಿ. ನಮ್ ಕಡೆ ಮಳೆಗಾಲದಲ್ಲಿ, ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಬಂದು ನಿಲ್ಸೋ ಗಾಡಿಗಳಲ್ಲಿ ಅರ್ಧಕ್ಕರ್ಧ ಹಿಂಗೇ ಇರುತ್ತೆ. ಎಂಜಿನ್ ಪೂರ್ತಿ ಬಿಸಿ ಆಗಲ್ಲ, ಒಳಗಿನ ತೇವ ಆವಿಯಾಗಿ ಹೊರಗೆ ಹೋಗಲ್ಲ, ತಣ್ಣಗಿರೋ ಮುಚ್ಚಳಕ್ಕೆ ಹೋಗಿ ಮೆತ್ಕೊಳ್ಳುತ್ತೆ. ಒರೆಸಿ ಬಿಡಿ. ಡಿಪ್ ಸ್ಟಿಕ್ಕಲ್ಲೇ ಹಾಲಾದ್ರೆ ಮಾತ್ರ ಸ್ಟಾರ್ಟೂ ಮಾಡ್ಬೇಡಿ, ಟೋ ಮಾಡಿಸ್ಕೊಳ್ಳಿ, ನೀರು ಬೆರೆತ ಆಯಿಲ್ಲಲ್ಲಿ ಬೇರಿಂಗ್ ಹೋಗೋಕೆ ಹೆಚ್ಚು ದೂರ ಓಡ್ಬೇಕಾಗಿಲ್ಲ. ನಿಲ್ಸಿದ ಮೇಲೆ ಆಯಿಲ್ ಪ್ರೆಶರ್ ಸೊನ್ನೆ ಆಗುತ್ತೆ, ಕೂಲೆಂಟ್ ಬಿಸಿಗೆ ಇನ್ನೂ ಒತ್ತಡದಲ್ಲೇ ಇರುತ್ತೆ, ಆಗ ಅದೇ ತೂತಲ್ಲಿ ಒಂಚೂರು ನೀರು ಈ ಕಡೆಗೂ ಬರ್ಬಹುದು, ಅದಕ್ಕೇ ಗಾಡಿ ಓಡಿಸ್ಬೇಡಿ ಅಂದಿದ್ದು.

ತೀರ್ಥಹಳ್ಳಿ_ಡೀಸೆಲ್:
ಎಲ್ಲಾ ಸರಿ, ಆದ್ರೆ ಗುಳ್ಳೆ ಬರ್ಲಿಲ್ಲ ಅಂದ ಮಾತ್ರಕ್ಕೆ ಹೆಡ್ ಗ್ಯಾಸ್ಕೆಟ್ ಪಾಸ್ ಅನ್ನೋದು ನನಗೆ ಒಪ್ಪಿಗೆ ಇಲ್ಲ. ನಮ್ ಭಾವನ ಜೀಪಲ್ಲಿ ಗುಳ್ಳೆ ಇಲ್ಲ, ಬಿಸಿ ಇಲ್ಲ, ಆಯಿಲ್ ಮಾತ್ರ ರೇಡಿಯೇಟರ್ ತುಂಬಾ. ಕೊನೆಗೆ ಹೆಡ್ ಬಿಚ್ಚಿದ್ರೆ ಆಯಿಲ್ ಮೇಲೆ ಹೋಗೋ ತೂತಿನ ಪಕ್ಕಾನೇ ಗ್ಯಾಸ್ಕೆಟ್ ತಿಂದೋಗಿತ್ತು.

ಗ್ರೀಸ್_ಕೈ_ಸಾಗರ:
ನಿಮ್ ಮಾತು ಖಂಡಿತ ನಿಜ. ಬ್ಲಾಕಿಂದ ಹೆಡ್ಡಿಗೆ ಪ್ರೆಶರಲ್ಲಿ ಆಯಿಲ್ ಹೋಗೋ ದಾರಿ ಗ್ಯಾಸ್ಕೆಟ್ ಮೂಲಕಾನೇ ಹೋಗುತ್ತೆ, ಅದ್ರ ಪಕ್ಕ ನೀರಿನ ದಾರಿ ಇದ್ರೆ ಅಲ್ಲಿ ಬರೀ ಆಯಿಲ್ ಸೋರುತ್ತೆ, ಸಿಲಿಂಡರಿಗೆ ಸಂಬಂಧಾನೇ ಇರಲ್ಲ. ಹೆಡ್ ಕ್ರ್ಯಾಕ್ ಆಗಿದ್ರೂ ಹಂಗೇ. ಅದಕ್ಕೇ ನಾನು ಹೇಳೋದು ಅಂದಾಜು ಮಾಡಿದ್ದು ಸಾಕು, ಕೂಲರ್ ಬಿಚ್ಚಿ ಟೆಸ್ಟ್ ಮಾಡಿ ಅಂತ. ಕೂಲರ್ ಬಿಚ್ಚೋದು ಅರ್ಧ ದಿನದ ಕೆಲಸ, ಹೆಡ್ ಇಳಿಸಿದ್ರೆ ಗ್ಯಾಸ್ಕೆಟ್ಟು, ಹೊಸ ಹೆಡ್ ಬೋಲ್ಟು, ಲೇತಲ್ಲಿ ಹೆಡ್ ಪ್ರೆಶರ್ ಟೆಸ್ಟು, ಫೇಸಿಂಗು (ಹೆಡ್ಡಿನ ಅಡಿ ಸಮ ಮಾಡೋದು), ಪಿಸ್ಟನ್ ಎಷ್ಟು ಮೇಲೆ ಬರುತ್ತೆ ಅಂತ ಅಳೆದು ಅದಕ್ಕೆ ಸರಿಯಾದ ದಪ್ಪದ ಗ್ಯಾಸ್ಕೆಟ್ ಹುಡುಕೋದು, ಇಷ್ಟೂ ಆದ್ಮೇಲೆ ತಪ್ಪು ಕೂಲರಿಂದು ಅಂತ ಗೊತ್ತಾದ್ರೆ? ಸಣ್ಣದನ್ನ ಮೊದ್ಲು ನೋಡಿ, ಅದು ಪಾಸಾದ್ರೆ ಹೆಡ್ಡಿಗೆ ಕೈ ಹಾಕಿ.

ಟೆಸ್ಟ್ ಹೆಂಗೆ ಅಂದ್ರೆ, ಕೂಲರ್ ತೆಗೆದು ಆಯಿಲ್ ಕಡೆ ತೂತುಗಳಲ್ಲಿ ಒಂದನ್ನ ರಬ್ಬರ್ ಇಟ್ಟು ಪ್ಲೇಟಿಂದ ಬಿಗಿದು ಮುಚ್ಚಿ, ಇನ್ನೊಂದಕ್ಕೆ ಕಂಪ್ರೆಸರ್ ಗಾಳಿ, ಮೂರು ಬಾರ್ ಸಾಕು. ಬಕೆಟಲ್ಲಿ ಬಿಸಿ ನೀರು ತುಂಬಿ ಅದ್ರಲ್ಲಿ ಮುಳುಗಿಸಿ ಇಡಿ. ಎಷ್ಟೋ ಕ್ರ್ಯಾಕ್ ತಣ್ಣಗಿರೋವಾಗ ಮುಚ್ಕೊಂಡಿರುತ್ತೆ, ಬಿಸಿ ತಾಗಿದ್ರೆ ಬಾಯಿ ಬಿಡುತ್ತೆ. ತಣ್ಣೀರಲ್ಲಿ ನೋಡಿ ಸರಿ ಇದೆ ಅಂತ ವಾಪಸ್ ಕೂರಿಸೋರು ತುಂಬ ಜನ ಇದ್ದಾರೆ.

ಆಟೋಮ್ಯಾಟಿಕ್ ಗಾಡಿ ಇರೋರು ಇದನ್ನ ಓದ್ತಿದ್ರೆ, ನಿಮ್ದು ಇನ್ನೊಂದು ಜಾಗ ಇದೆ, ಎಷ್ಟೋ ಗಾಡಿಲಿ ಗೇರ್ ಆಯಿಲ್ ತಣ್ಣಗೆ ಮಾಡೋ ಕೂಲರ್ ರೇಡಿಯೇಟರ್ ಒಳಗೇ ಕೂತಿರುತ್ತೆ, ಅದು ಒಡೆದ್ರೆ ಪೇಸ್ಟು ಗುಲಾಬಿ ಬಣ್ಣಕ್ಕೆ ಬರುತ್ತೆ. ಗೇರ್ ಬಾಕ್ಸಿಗೆ ನೀರು ಹೋಗೋ ಮುಂಚೆ ನಿಲ್ಸಿ.

ಹೊಸನಗರ_ಹುಡುಗ:
ಗಾಡಿನ ಟೋ ಮಾಡಿಸ್ಕೊಂಡು ಶಿವಮೊಗ್ಗ ಆಟೋ ಕಾಂಪ್ಲೆಕ್ಸಲ್ಲಿ ಪರಿಚಯದವರೊಬ್ರ ಹತ್ರ ಬಿಚ್ಚಿಸ್ದೆ. ತಣ್ಣೀರಲ್ಲಿ ಏನೂ ಇಲ್ಲ! ಅವ್ರು ‘ಇದು ಓಕೆ’ ಅಂತ ಎತ್ತಿಡೋಕೆ ಹೋದ್ರು, ನಾನು ಬಿಡ್ಲಿಲ್ಲ, ಪಕ್ಕದ ಹೋಟ್ಲಿಂದ ಕುದಿಯೋ ನೀರು ತರಿಸಿ ಹಾಕ್ಸಿದ ಮೇಲೆ ತಟ್ಟೆಯ ಒಂದು ಮೂಲೆಯಿಂದ ಸೂಜಿ ಮೊನೆಯಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಹೊಸ ಕೂಲರ್, ಸೀಲ್ ಸೆಟ್ ಆರ್ಡರ್ ಮಾಡಿದೆ. ಹೆಡ್ ಉಳೀತು. ಈಗ ಪ್ರಶ್ನೆ, ಒಳಗಿರೋ ಗಲೀಜು ತೊಳೆಯೋದು ಹೆಂಗೆ? ಅವ್ರು ಸ್ವಲ್ಪ ಡೀಸೆಲ್ ಹಾಕಿ ಓಡಿಸಿದ್ರೆ ಜಿಡ್ಡೆಲ್ಲ ಬಿಟ್ಕೊಳ್ಳುತ್ತೆ ಅಂತಿದ್ದಾರೆ.

ತೀರ್ಥಹಳ್ಳಿ_ಡೀಸೆಲ್:
ಸೀಮೆಎಣ್ಣೆ ಡೀಸೆಲ್ ಯಾವ್ದೂ ಬೇಡ!! ರಬ್ಬರ್ ಹೋಸೆಲ್ಲ ಊದ್ಕೊಳ್ಳುತ್ತೆ, ಬಿಸಿ ಎಂಜಿನ್ ಮೇಲೆ ಚೆಲ್ಲಿದ್ರೆ ಬೆಂಕಿ ಬೇರೆ. ಕಾಸ್ಟಿಕ್ ಸೋಡಾನೂ ಬೇಡ, ಅಲ್ಯೂಮಿನಿಯಂನ ತಿಂದಾಕುತ್ತೆ, ನಿಮ್ ರೇಡಿಯೇಟರೂ ಹೆಡ್ಡೂ ಎರಡೂ ಅಲ್ಯೂಮಿನಿಯಂ.

ಗ್ರೀಸ್_ಕೈ_ಸಾಗರ:
ಸತ್ಯ ಹೇಳ್ಬೇಕಂದ್ರೆ ರಿಪೇರಿಗಿಂತ ಇದೇ ದೊಡ್ಡ ಕೆಲಸ, ತಾಳ್ಮೆ ಇಲ್ದಿದ್ರೆ ಆಗಲ್ಲ.

ಹೊಸ ಕೂಲರ್ ಕೂರಿಸಿದ ಮೇಲೇ ತೊಳೆಯೋಕೆ ಶುರು ಮಾಡಿ, ಮುಂಚೆ ತೊಳೆದ್ರೆ ವೇಸ್ಟು. ಡಬ್ಬಿ ಬಿಚ್ಚಿ ಬೇರೆಯಾಗೇ ತೊಳೆಯಿರಿ, ಮೂಲೆ ಗಲೀಜು ಹೋಗ್ಲಿಲ್ಲ ಅಂದ್ರೆ ಹೊಸದೇ ಹಾಕಿ, ಭಾರೀ ರೇಟೇನಿಲ್ಲ. ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿ ಆದ್ಮೇಲೆ ತೆರೆಯೋ ವಾಲ್ವ್) ತೆಗೆದಿಡಿ, ಇಲ್ಲಾಂದ್ರೆ ಅದು ತೆರೆಯೋ ತನಕ ರೇಡಿಯೇಟರ್ ಕಡೆ ನೀರೇ ಹೋಗಲ್ಲ. ಕೆಳಗಿನ ಹೋಸ್ ಬಿಚ್ಚಿ ಎಲ್ಲಾ ಇಳಿಸಿ, ಬರೀ ನೀರಲ್ಲಿ ಒಂದ್ಸಲ ತೊಳೆದು ಆಮೇಲೆ ರೇಡಿಯೇಟರ್ ಫ್ಲಶ್ ಅಂತ ಸಿಗುತ್ತಲ್ಲ, ಜಿಡ್ಡು ಬಿಡಿಸುತ್ತೆ ಅಂತ ಡಬ್ಬಿ ಮೇಲೆ ಬರೆದಿರೋದನ್ನೇ ನೋಡಿ ತಗೊಳ್ಳಿ, ತುಕ್ಕಿಗೆ ಮಾಡಿದ್ದು ಬೇರೆ ಇರುತ್ತೆ, ಅದು ಇದಕ್ಕೆ ಕೆಲಸ ಮಾಡಲ್ಲ. ಸಿಗ್ಲಿಲ್ಲ ಅಂದ್ರೆ ಪಾತ್ರೆ ತೊಳೆಯೋ ಮಶೀನಿಗೆ ಹಾಕೋ ಪುಡಿ ನಡೆಯುತ್ತೆ, ಅದು ನೊರೆ ಬರಲ್ಲ. ಬಟ್ಟೆ ಸೋಪಿನ ಪುಡಿ ಹಾಕಿದ್ರೆ ನೊರೆ ಎದ್ದು ಪಂಪಿಗೆ ನೀರೇ ಸಿಗಲ್ಲ, ಎಂಜಿನ್ ಅಲ್ಲಲ್ಲಿ ಒಣಗಿ ಬಿಸಿ ಆಗುತ್ತೆ. ಮಶೀನ್ ಪುಡಿನೂ ಕ್ಷಾರಾನೇ, ರಾತ್ರಿಯಿಡೀ ಬಿಡಬೇಡಿ.

ಎ.ಸಿ. ಆಫ್, ಹೀಟರ್ ಫುಲ್ ಬಿಸಿಗೆ ತಿರುಗಿಸಿಡಿ. ಡ್ಯಾಶ್ ಬೋರ್ಡ್ ಹಿಂದೆ ಒಂದು ಸಣ್ಣ ರೇಡಿಯೇಟರ್ ಇದೆ ಅನ್ನೋದನ್ನೇ ಎಷ್ಟೋ ಜನ ಮರೀತಾರೆ, ಅದ್ರಲ್ಲಿ ಪೇಸ್ಟ್ ಉಳಿದ್ರೆ ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯೋಕೆ ಬಿಸಿಗಾಳಿನೇ ಬರಲ್ಲ. ಹೀಟರಿಗೆ ಹೋಗೋ ಎರಡೂ ಹೋಸ್ ಬಿಚ್ಚಿ, ತೋಟದ ಪೈಪಿಂದ ಮೆಲ್ಲಗೆ ಎರಡೂ ಕಡೆಯಿಂದ ನೀರು ಬಿಡಿ, ಜೋರಾಗಿ ಬಿಟ್ರೆ ಅದು ಒಡೆದು ಕಾಲಡಿ ಮ್ಯಾಟೆಲ್ಲ ನೆನೆಯುತ್ತೆ. ಆಮೇಲೆ ಎಲ್ಲಾ ಜೋಡಿಸಿ, ನೀರು ಪುಡಿ ಹಾಕಿ, ಎಂಜಿನ್ ಬಿಸಿ ಆಗೋ ತನಕ ಇಪ್ಪತ್ತು ನಿಮಿಷ ಓಡಿಸಿ, ಮುಟ್ಟೋಕೆ ಆಗೋ ಅಷ್ಟು ತಣಿದ ಮೇಲೆ, ಪೂರ್ತಿ ತಣಿಯೋ ಮುಂಚೆ, ಇಳಿಸಿ. ಜಿಡ್ಡು ಬಿಡೋದು ಬಿಸಿಗೇ. ಇಳಿಯೋ ನೀರು ತಿಳಿಯಾಗೋ ತನಕ ಇದೇ ಕೆಲಸ, ಆಮೇಲೆ ಬರೀ ನೀರಲ್ಲಿ ಸೋಪಿನ ಅಂಶ ಹೋಗೋ ತನಕ. ಕೊನೇ ಸಲ ಬಾವಿ ನೀರು ಬೋರ್ ನೀರು ಬೇಡ, ಡಿಸ್ಟಿಲ್ಡ್ ವಾಟರ್. ಅದಾದ್ಮೇಲೆ ಹೊಸ ಥರ್ಮೋಸ್ಟ್ಯಾಟ್, ಡಬ್ಬಿಗೆ ಹೊಸ ಮುಚ್ಚಳ, ನಿಮ್ ಗಾಡಿ ಪುಸ್ತಕದಲ್ಲಿ ಹೇಳಿರೋ ಕೂಲೆಂಟೇ, ಕಾನ್ಸಂಟ್ರೇಟ್ ಆದ್ರೆ ಡಿಸ್ಟಿಲ್ಡ್ ವಾಟರ್ ಜೊತೆ ಸಮ ಸಮ, ರೆಡಿ ಮಿಕ್ಸ್ ಆದ್ರೆ ನೀರು ಸೇರಿಸ್ಬೇಡಿ. ಎಂಜಿನ್ ಆಯಿಲ್ಲು ಫಿಲ್ಟರೂ ಬದಲಾಯ್ಸಿ. ಕೂಲೆಂಟ್ ದಾರಿಲಿ ಸಿಕ್ಕೊಂಡಿರೋ ಏರ್ ಸರಿಯಾಗಿ ತೆಗೆಸಿ, ಇಲ್ಲಾಂದ್ರೆ ಎಲ್ಲಾ ಹೊಸದು ಹಾಕಿಯೂ ಬಿಸಿ ಏರುತ್ತೆ, ಮತ್ತೆ ನೀವು ನನಗೆ ಬಯ್ಯೋದು.

ಕಾಫಿತೋಟ_ಕೊಪ್ಪ:
ಒಂದು ಮಾತು, ಮನೆ ಅಂಗಳದಲ್ಲಿ ಮಾಡೋದಾದ್ರೆ ಇಳಿಸಿದ ಕೂಲೆಂಟನ್ನ ಚರಂಡಿಗೋ ತೋಟಕ್ಕೋ ಬಿಡಬೇಡಿ. ಅದ್ರಲ್ಲಿರೋ ಗ್ಲೈಕಾಲ್ ಸಿಹಿ ಇರುತ್ತೆ, ನಾಯಿ ನೆಕ್ಕುತ್ತೆ, ದನ ಕುಡಿಯುತ್ತೆ, ಸ್ವಲ್ಪ ಹೋದ್ರೂ ಕಿಡ್ನಿ ಹೋಗಿ ಸಾಯುತ್ತೆ. ಕ್ಯಾನಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೇಳಿ ನೋಡಿ.

ಹೊಸನಗರ_ಹುಡುಗ:
ಕೆಲಸ ಮುಗೀತು, ಗಾಡಿ ಮನೆಗೆ ಬಂತು. ತೊಳೆಯೋದಕ್ಕೇ ಎರಡು ದಿನ ಹಿಡೀತು, ಎಲ್ಲಾ ಸೇರಿ ಹೆಡ್ಡಿಗೆ ಹೇಳಿದ್ದ ದುಡ್ಡಿನ ಅರ್ಧದ ಒಳಗೇ ಆಯ್ತು. ಮುಳ್ಳು ಸರಿ ಇದೆ, ಹೀಟರ್ ಬಿಸಿ ಬರ್ತಿದೆ. ಆದ್ರೆ ಇವತ್ತು ಡಬ್ಬಿ ಅಂಚಲ್ಲಿ ಮತ್ತೆ ತೆಳ್ಳಗೆ ಕಂದು ಗೆರೆ ಕಾಣ್ತಿದೆ, ಎದೆ ಧಸಕ್ ಅಂತು. ಮತ್ತೆ ಸೋರ್ತಿದೆಯಾ?

ಗ್ರೀಸ್_ಕೈ_ಸಾಗರ:
ಬಹುಶಃ ಹಳೇದೇ, ಮೂಲೆ ಮೂಲೆಲಿ ಕೂತಿದ್ದು ಬಿಟ್ಕೊಂಡು ಬರ್ತಿದೆ, ಕೆಲವು ವಾರ ಹಿಂಗೇ ಬರುತ್ತೆ. ಗಾಡಿ ತಣ್ಣಗಿರೋವಾಗ ಬಟ್ಟೆಲಿ ಒರೆಸಿ, ಡಿಪ್ ಸ್ಟಿಕ್ ಮಟ್ಟ, ಕೂಲೆಂಟ್ ಮಟ್ಟ ಎರಡಕ್ಕೂ ಮೊಬೈಲಲ್ಲಿ ಫೋಟೋ ತೆಗೆದಿಡಿ. ವಾರ ಬಿಟ್ಟು ಹೋಲಿಸಿ. ಗೆರೆ ದಿನ ದಿನ ತೆಳ್ಳಗಾಗ್ತಾ ಹೋಗಿ ಎರಡೂ ಮಟ್ಟ ಹಂಗೇ ಇದ್ರೆ ಹಳೇದು, ಕೂಲೆಂಟ್ ಮೇಲೇರಿ ಆಯಿಲ್ ಇಳೀತಾ ಹೋದ್ರೆ ಆಗ ತೀರ್ಥಹಳ್ಳಿಯವ್ರು ಹೇಳಿದ ಹೆಡ್ ಕಡೆ ನೋಡ್ಬೇಕು. ಹೋಸ್‌ಗಳನ್ನೂ ಒತ್ತಿ ನೋಡ್ತಾ ಇರಿ, ಆಯಿಲ್ ಕುಡಿದ ರಬ್ಬರ್ ನಿಧಾನಕ್ಕೆ ಊದಿ ಸ್ಪಂಜ್ ಥರ ಆಗುತ್ತೆ, ಕ್ಲಿಪ್ ಹತ್ರ ಉಬ್ಬಿದ್ದು ಕಂಡ್ರೆ ಘಾಟಿಗೆ ಹೋಗೋ ಮುಂಚೆ ಬದಲಾಯ್ಸಿಬಿಡಿ.

ಹೊಸನಗರ_ಹುಡುಗ:
ಮೇಲಿನ ಹೋಸ್ ಆಗ್ಲೇ ಸ್ವಲ್ಪ ಮೆತ್ತಗಿದೆ ಸಾರ್, ನಾಳೆನೇ ಎರಡೂ ತರಿಸ್ತೀನಿ. ಫೋಟೋ ತೆಗೆದಿಟ್ಟೆ, ವಾರ ಬಿಟ್ಟು ಇಲ್ಲೇ ಹಾಕ್ತೀನಿ.