ಹವಳದ ಪುಡಿ ಮತ್ತು ರಮೇಶ ಮಾವನ ಮಾತ್ರೆ

ರಮೇಶ ಮಾವ: (ಫಾರ್ವರ್ಡ್, ಹವಳದ ಫೋಟೋ ಸಮೇತ) "ಕಡಲಿನ ಮೆತ್ತನೆ ಹವಳ ಎಲ್ಲ ಬ್ಯಾಕ್ಟೀರಿಯಾ ಕೊಲ್ಲುತ್ತದೆ! ಆಂಟಿಬಯೋಟಿಕ್ ಬಿಡಿ, ಹವಳದ ಪುಡಿ ತಿನ್ನಿ." ನಾನು ಆರ್ಡರ್ ಹಾಕಿಯಾಯಿತು 🙏

ಅನುಷಾ: ಮಾವ, ಕಾಲಿನ ಗಾಯಕ್ಕೆ ಕೊಟ್ಟ ಮಾತ್ರೆ ಇನ್ನೂ ಮುಗಿದಿಲ್ಲ ಅಲ್ವಾ?

ರಮೇಶ ಮಾವ: ಗಾಯ ಒಣಗಿದೆ. ಸುಮ್ನೆ ಯಾಕೆ ನುಂಗುವುದು? ವಿಜ್ಞಾನಿಗಳೇ ಹೇಳಿದ್ದಾರಲ್ಲ.

ಅನುಷಾ: ಅರ್ಧ ನಿಜ. ಮೆತ್ತನೆ ಹವಳಕ್ಕೆ ಕಲ್ಲಿನ ಗೂಡಿಲ್ಲ, ಓಡಿಹೋಗಲೂ ಆಗದು. ಅದಕ್ಕೇ ಮೈಯಲ್ಲಿ ಟರ್ಪೀನ್ ಜಾತಿಯ ರಾಸಾಯನಿಕ ಇಟ್ಟುಕೊಂಡಿರುತ್ತದೆ. ಮೀನು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಸಾರ್ಕೋಫೈಟಾನ್, ಸೈನುಲೇರಿಯಾ ಹವಳಗಳಿಂದ ತೆಗೆದ ಕೆಲವು ಟರ್ಪೀನ್‌ಗಳು ಬ್ಯಾಕ್ಟೀರಿಯಾ ತಡೆದದ್ದೂ ಉಂಟು. ಆದರೆ ಲ್ಯಾಬಿನ ತಟ್ಟೆಯಲ್ಲಿ!

ಸುಧಾ ಅತ್ತೆ: ತಟ್ಟೆಯಲ್ಲಿ ಅಂದರೆ?

ಅನುಷಾ: ಅಗರ್ ಅನ್ನುವ ಜೆಲ್ಲಿಯ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧ ಹೀರಿದ ಕಾಗದದ ಬಿಲ್ಲೆ ಇಡುತ್ತೇವೆ ಅತ್ತೆ. ಮರುದಿನ ನೋಡಿದರೆ ತಟ್ಟೆಯೆಲ್ಲ ಮಬ್ಬು, ಬಿಲ್ಲೆಯ ಸುತ್ತ ಮಾತ್ರ ತಿಳಿ ಉಂಗುರ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ ಅಂತ. ಫಿನಾಯಿಲ್ ಇಟ್ಟರೂ ಉಂಗುರ ಬರುತ್ತದೆ. ಮಾವ ಕುಡಿಯುತ್ತಾರಾ?

ಗಿರಿ: 😂😂

ರಮೇಶ ಮಾವ: ಮಾತು ಜಾಸ್ತಿಯಾಯಿತು. ಕಡಲಿಂದ ಔಷಧ ಬಂದೇ ಇಲ್ಲವಾ?

ಅನುಷಾ: ಬಂದಿದೆ. ರಕ್ತದ ಕ್ಯಾನ್ಸರಿನ ಸೈಟರಾಬಿನ್‌ಗೆ ಸುಳಿವು ಸಿಕ್ಕಿದ್ದೇ ಕೆರಿಬಿಯನ್ ಕಡಲಿನ ಸ್ಪಂಜು ಅನ್ನುವ ಜೀವಿಯಿಂದ. ಆದರೆ ಮೆತ್ತನೆ ಹವಳದ ಆಂಟಿಬಯೋಟಿಕ್ ಇನ್ನೂ ಮೆಡಿಕಲ್ ಶಾಪಿಗೆ ಬಂದಿಲ್ಲ. ಹವಳದಲ್ಲಿ ಸಿಗುವುದೇ ಚೂರುಪಾರು. ಎಲ್ಯೂಥೆರೋಬಿನ್ ಅಂತ ಒಂದು ಟರ್ಪೀನ್ ಇದೆ, ಕ್ಯಾನ್ಸರ್ ಕೋಶ ತಡೆಯುವಂಥದ್ದು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಅಪರೂಪದ ಹವಳದಲ್ಲಿ ಸಿಕ್ಕಿತು, ಪರೀಕ್ಷೆಗೆ ಸಾಕಾಗುವಷ್ಟು ಸಿಗದೆ ಅಲ್ಲೇ ನಿಂತಿತು. ಇಂಥ ಟರ್ಪೀನ್ ಕಟ್ಟುವ ಜೀನ್ ಹವಳದಲ್ಲೇ ಇದೆ ಅಂತ ಗೊತ್ತಾಗಿದ್ದು 2022ರಲ್ಲಿ. ಇನ್ನು ಅದನ್ನು ಲ್ಯಾಬಿನಲ್ಲಿ ಮಾಡಿಸಬೇಕು, ವಿಷವಲ್ಲ ಅಂತ ತೋರಿಸಬೇಕು, ಆಮೇಲೆ ಮನುಷ್ಯರ ಮೇಲೆ ಪರೀಕ್ಷೆ.

ಗಿರಿ: ಮಾವ, ಫೋಟೋ ದೊಡ್ಡದು ಮಾಡಿ ನೋಡಿ. ಕೊಂಬೆಕೊಂಬೆಯ ಕಲ್ಲು ಹವಳ. ಮೆತ್ತನೆಯದೇ ಅಲ್ಲ!

ಅನುಷಾ: ಅಯ್ಯೋ ಹೌದು. ಅದರ ಪುಡಿ ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಸುಣ್ಣದ ಕಲ್ಲಿನದೂ ಅದೇ. ಅಂಥ ಹವಳವನ್ನು ನಮ್ಮ ಕಡಲಿಂದ ಕಿತ್ತರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಬೇರೆ.

ಸುಧಾ ಅತ್ತೆ: ಸುಣ್ಣಕ್ಕೆ ಏಳುನೂರು ರೂಪಾಯಿ ಕೊಟ್ಟಿರಾ? ಎಲೆಅಡಿಕೆ ಡಬ್ಬಿಯಲ್ಲೇ ಇತ್ತಲ್ಲ!

ರಮೇಶ ಮಾವ: ಎಲ್ಲರೂ ನನ್ನ ಮೇಲೇ ಬನ್ನಿ. ಆ ಮಾತ್ರೆ ನುಂಗಿದರೆ ಹೊಟ್ಟೆ ಉರಿ ತಡೆಯಲಾಗುವುದಿಲ್ಲ. ಅದನ್ನು ಯಾರು ಕೇಳಿದಿರಿ?

ಅನುಷಾ: ಮೊದಲೇ ಹೇಳಬಾರದಾ ಮಾವ! ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಬೇಕಾದರೆ ಅವರೇ ಬದಲಿಸಿ ಕೊಡುತ್ತಾರೆ.

ಸುಧಾ ಅತ್ತೆ: ನಾನೇ ಮಾಡುತ್ತೇನೆ. ಗಿರಿ, ನೀನು ಆ ಆರ್ಡರ್ ಕ್ಯಾನ್ಸಲ್ ಆಗುತ್ತಾ ನೋಡು.